ಮನೆಯಲ್ಲೇ ಹಾಡಿನ ರೆಕಾರ್ಡಿಂಗ್: ಮೊದಲ ಸಲಕರಣೆ ಆರಿಸುವುದು ಹೇಗೆ?

ನಮ್ಮ ದೊಡ್ಡಮ್ಮನಿಗೆ ನೂರಕ್ಕೂ ಹೆಚ್ಚು ಸೋಬಾನೆ ಪದ ಬಾಯಿಪಾಠ. ಅವರಾದ ಮೇಲೆ ಮನೆಯಲ್ಲಿ ಅವನ್ನು ಹಾಡುವವರು ಯಾರೂ ಇಲ್ಲ. ಹಾಗಾಗಿ ಒಂದು ಒಳ್ಳೆಯ ಕಂಡೆನ್ಸರ್ ಮೈಕ್ ತಂದೆ. ನಡುಮನೆಯಲ್ಲಿ ಅವರನ್ನು ಕೂರಿಸಿ ಮೂರು ಹಾಡು ರೆಕಾರ್ಡ್ ಮಾಡಿದೆ. ಕೇಳಿಸಿದಾಗ ದೊಡ್ಡಮ್ಮ ಹೇಳಿದ್ದು ಒಂದೇ ಮಾತು: "ಏನಪ್ಪಾ ಇದು, ಬಾವಿಯೊಳಗೆ ಕೂತು ಹಾಡಿದ ಹಾಗಿದೆ."

ಅವರು ಹೇಳಿದ್ದು ನಿಜ. ಮೈಕ್‌ನಲ್ಲಿ ದೋಷ ಇರಲಿಲ್ಲ. ಟೈಲ್ಸ್ ನೆಲ, ಖಾಲಿ ಗೋಡೆ, ಮೇಲೆ ಕಾಂಕ್ರೀಟ್ ಸೂರು, ಸದ್ದೆಲ್ಲ ಅಲ್ಲೇ ಪುಟಿಯುತ್ತಿತ್ತು. ಮರುವಾರ ಅದೇ ಮೈಕನ್ನು ಮಲಗುವ ಕೋಣೆಗೆ ಒಯ್ದು, ದೊಡ್ಡಮ್ಮನ ಬೆನ್ನ ಹಿಂದೆ ಎರಡು ಕೌದಿ ನೇತುಹಾಕಿ, ಫ್ಯಾನ್ ಆರಿಸಿ ಮತ್ತೆ ಹಾಡಿಸಿದೆ. ಈ ಸಲ ಅವರು ಪಕ್ಕದಲ್ಲೇ ಕೂತು ಹಾಡಿದಂತೆ ಕೇಳಿಸಿತು. ಎರಡು ರೆಕಾರ್ಡಿಂಗ್ ನಡುವೆ ಹೊಸದಾಗಿ ಒಂದು ರೂಪಾಯಿಯೂ ಖರ್ಚಾಗಿರಲಿಲ್ಲ.

ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಅಂಗಡಿಗೆ ಹೋಗುವ ಮಾತು ಸ್ವಲ್ಪ ತಡವಾಗಿ ಬರುತ್ತದೆ. ಯಾವುದನ್ನು ಕೊಳ್ಳಬೇಕು ಅನ್ನುವುದಕ್ಕಿಂತ ಯಾವುದನ್ನು ಮೊದಲು ನೋಡಿಕೊಳ್ಳಬೇಕು ಅನ್ನುವುದು ಮುಖ್ಯ.

ಹಂತ 1: ಏನನ್ನು ರೆಕಾರ್ಡ್ ಮಾಡುತ್ತೀರಿ, ಬರೆದಿಡಿ

ಒಂದು ಹಾಳೆ ತೆಗೆದುಕೊಳ್ಳಿ. ಮುಂದಿನ ಒಂದು ವರ್ಷದಲ್ಲಿ ನೀವು ನಿಜವಾಗಿ ರೆಕಾರ್ಡ್ ಮಾಡುವುದು ಏನು ಅಂತ ಬರೆಯಿರಿ. ಬರೀ ಗಾಯನವೇ? ಗಿಟಾರ್ ಜೊತೆ ಹಾಡೇ? ಕೊಳಲೇ, ವೀಣೆಯೇ, ತಬಲಾವೇ? ಅದರ ಪಕ್ಕದಲ್ಲಿ ಇನ್ನೊಂದು ಪ್ರಶ್ನೆ: ಒಂದೇ ಹೊತ್ತಿಗೆ ಎಷ್ಟು ಜನ ಹಾಡುತ್ತಾರೆ, ನುಡಿಸುತ್ತಾರೆ?

ಈ ಎರಡನೇ ಪ್ರಶ್ನೆಯ ಉತ್ತರದ ಮೇಲೆ ನಿಮ್ಮ ಖರ್ಚು ನಿಂತಿದೆ. ಒಬ್ಬರೇ ಮೊದಲು ಗಿಟಾರ್ ನುಡಿಸಿ, ಆಮೇಲೆ ಅದನ್ನು ಕೇಳುತ್ತಾ ಹಾಡುವುದಾದರೆ ಒಂದು ಮೈಕ್ ಸಾಕು. ಹತ್ತು ವಾದ್ಯ ಇದ್ದರೂ ಒಂದೊಂದಾಗಿ ರೆಕಾರ್ಡ್ ಮಾಡಬಹುದು. ಗಾಯಕರೂ ತಬಲಾದವರೂ ಒಟ್ಟಿಗೇ ಕೂರಬೇಕು ಅಂದರೆ ಎರಡು ಮೈಕ್ ಬೇಕು. ಹಿಂದೂಸ್ತಾನಿ ಖಯಾಲ್ ಹಾಡುವವರು, ಮೃದಂಗದ ಜೊತೆ ಸ್ವರಕಲ್ಪನೆ ಮಾಡುವವರು ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿದರೆ ಜೀವವೇ ಹೋಗುತ್ತದೆ. ಅಂಥವರು ಮೊದಲಿಂದಲೇ ಎರಡು ಮೈಕ್ ಲೆಕ್ಕ ಹಾಕಿಕೊಳ್ಳಲಿ.

ಹಂತ 2: ಕೋಣೆ

ಇದು ಎಲ್ಲಕ್ಕಿಂತ ದೊಡ್ಡ ಹಂತ. ಮನೆಯ ಒಂದೊಂದು ಕೋಣೆಯಲ್ಲೂ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ. ತಟ್ಟಿದ ಮೇಲೆ "ಟ್ರಿಣ್" ಅಂತ ಒಂದು ಲೋಹದ ಬಾಲ ಕೇಳಿಸಿದರೆ ಅದು ಎದುರುಬದುರು ಗೋಡೆಗಳ ನಡುವೆ ಸದ್ದು ಚೆಂಡಿನಂತೆ ಪುಟಿಯುವ ಗುರುತು. ಚಪ್ಪಾಳೆ ತಟ್ಟಿದ ಕೂಡಲೇ ಸದ್ದು ಸತ್ತುಹೋಗುವ ಕೋಣೆ ನಿಮಗೆ ಬೇಕು. ಹೆಚ್ಚಿನ ಮನೆಗಳಲ್ಲಿ ಅದು ಮಲಗುವ ಕೋಣೆಯೇ. ಹತ್ತಿಯ ಹಾಸಿಗೆ, ದಿಂಬು, ಬಟ್ಟೆ ತುಂಬಿದ ಬೀರು, ದಪ್ಪ ಪರದೆ ಎಲ್ಲ ಅಲ್ಲಿ ಮೊದಲೇ ಇರುತ್ತದೆ. ಬೀರು ಬಾಗಿಲು ತೆಗೆದಿಟ್ಟರೆ ಒಳಗಿನ ಸೀರೆ, ಶಾಲುಗಳೂ ಸದ್ದು ಹೀರುತ್ತವೆ.

ಎಲ್ಲಿ ಕೂರಬೇಕು? ಗೋಡೆಗೆ ಅಂಟಿಕೊಂಡು ಬೇಡ, ಮೂಲೆಯಲ್ಲಂತೂ ಬೇಡವೇ ಬೇಡ. ಮೂಲೆಯಲ್ಲಿ ತಗ್ಗಿನ ಸ್ವರಗಳು ಗುಂಯ್‌ಗುಡುತ್ತವೆ. ಕೋಣೆಯ ನಟ್ಟನಡುವೆಯೂ ಬೇಡ, ಅಲ್ಲಿಂದ ಸ್ವಲ್ಪ ಒಂದು ಪಕ್ಕಕ್ಕೆ ಸರಿಯಿರಿ. ಕೆಳಗೆ ಜಮಖಾನ ಹಾಸಿ.

ಇನ್ನು ಕೌದಿ. ಸುಮಾರು ಜನ ಅದನ್ನು ಮೈಕ್ ಹಿಂದೆ ಕಟ್ಟುತ್ತಾರೆ. ಮೊದಲು ಕಟ್ಟಬೇಕಾದ್ದು ಹಾಡುವವರ ಬೆನ್ನ ಹಿಂದೆ. ಯಾಕೆ ಅಂದರೆ, ಮನೆಯಲ್ಲಿ ಬಳಸುವ ಹೆಚ್ಚಿನ ಮೈಕ್‌ಗಳು ಕಾರ್ಡಿಯಾಯ್ಡ್ ಜಾತಿಯವು. ಎದುರಿಗಿನ ಸದ್ದನ್ನು ಚೆನ್ನಾಗಿ ಕೇಳಿಸಿಕೊಳ್ಳುತ್ತವೆ, ಬೆನ್ನ ಕಡೆಯದನ್ನು ಬಹಳ ಕಡಿಮೆ. ಮೈಕ್‌ನ ಎದುರಿಗೆ ಇರುವುದು ಹಾಡುವವರು ಮತ್ತು ಅವರ ಹಿಂದಿನ ಗೋಡೆ. ಆ ಗೋಡೆಯಿಂದ ಬರುವ ಪ್ರತಿಧ್ವನಿ ನೇರವಾಗಿ ಮೈಕ್ ಬಾಯಿಗೆ ಬೀಳುತ್ತದೆ. ಕೌದಿಯನ್ನು ಗೋಡೆಗೆ ಒತ್ತಿ ಹಾಕದೆ ಅರ್ಧ ಗೇಣು ಮುಂದಕ್ಕೆ ಇಳಿಬಿಡಿ. ಬಟ್ಟೆ ಒಣಗಿಸುವ ಸ್ಟ್ಯಾಂಡ್ ಸಾಕಾಗುತ್ತದೆ. ನಡುವೆ ಗಾಳಿಯ ಜಾಗ ಇದ್ದಷ್ಟೂ ಇನ್ನೂ ಕೆಳಗಿನ ಸ್ವರಗಳವರೆಗೆ ಅದು ಹೀರಿಕೊಳ್ಳುತ್ತದೆ. ಉತ್ತರ ಕರ್ನಾಟಕದ ಹಳೆಯ ಕೌದಿ ಸಿಕ್ಕರೆ ಪುಣ್ಯ. ಹಳೆಯ ಸೀರೆ, ಧೋತರ ಪದರ ಪದರವಾಗಿ ಹೊಲಿದ ಆ ಭಾರವೇ ಇಲ್ಲಿ ಕೆಲಸ ಮಾಡುವುದು. ಕೌದಿ ಇಲ್ಲದಿದ್ದರೆ ದಪ್ಪ ರಗ್ಗು, ಹೊದೆಯುವ ರಜಾಯಿ ಎರಡು ಪದರ ಹಾಕಿ.

ಮೊಟ್ಟೆಯ ಟ್ರೇ ಅಂಟಿಸಬೇಡಿ. ಅದರಿಂದ ಹೇಳಿಕೊಳ್ಳುವಂಥ ಉಪಯೋಗ ಇಲ್ಲ, ಬೆಂಕಿಗೂ ಬೇಗ ಹತ್ತುತ್ತದೆ. ಒಂದು ಇಂಚಿನ ಸ್ಪಂಜಿನ ಹಾಳೆಗಳನ್ನು ಗೋಡೆ ತುಂಬ ಅಂಟಿಸುವುದೂ ಬೇಡ. ಅವು ಮೇಲಿನ ಸ್ವರಗಳನ್ನು ಮಾತ್ರ ಹೀರಿ, ಕೆಳಗಿನ ಗುಂಗನ್ನು ಹಾಗೇ ಬಿಡುತ್ತವೆ. ಕೋಣೆ ಮಂಕಾಗುತ್ತದೆ, ಗುಂಯ್‌ಗುಡುವುದು ಮಾತ್ರ ನಿಲ್ಲುವುದಿಲ್ಲ. ಮುಂದೆ ದುಡ್ಡು ಬಂದಾಗ 2 ಅಥವಾ 4 ಇಂಚು ದಪ್ಪದ ರಾಕ್‌ವೂಲ್ ತಂದು, ಮರದ ಚೌಕಟ್ಟಿಗೆ ತುಂಬಿ, ಮೇಲೆ ಹತ್ತಿ ಬಟ್ಟೆ ಹೊದೆಸಿದರೆ ಒಳ್ಳೆಯ ಪ್ಯಾನೆಲ್ ಆಗುತ್ತದೆ. ಅದನ್ನು ಕತ್ತರಿಸುವಾಗ ಮಾಸ್ಕು, ಕೈಗವಸು ಹಾಕಿಕೊಳ್ಳಿ.

ಒಂದು ಮಾತು ಸ್ಪಷ್ಟವಾಗಿರಲಿ. ಕೌದಿ ಪ್ರತಿಧ್ವನಿಯನ್ನು ಹೀರುತ್ತದೆ, ಹೊರಗಿನ ಗದ್ದಲವನ್ನು ತಡೆಯುವುದಿಲ್ಲ. ಆಟೋ ಹಾರ್ನ್ ತಡೆಯಲು ಗೋಡೆಯ ದಪ್ಪ, ಸಂದುಗಳಿಲ್ಲದ ಬಾಗಿಲು ಬೇಕು. ಬಾಡಿಗೆ ಮನೆಯಲ್ಲಿ ಅದು ಆಗದ ಕೆಲಸ. ಹಾಗಾಗಿ ಹೊತ್ತು ನೋಡಿಕೊಳ್ಳಿ. ಫೋನಿನಲ್ಲಿ ಬೇರೆ ಬೇರೆ ಹೊತ್ತಿನಲ್ಲಿ ಒಂದೊಂದು ನಿಮಿಷ ಸುಮ್ನೆ ಮೌನವನ್ನೇ ರೆಕಾರ್ಡ್ ಮಾಡಿ ಕೇಳಿ. ನಮ್ಮನೆಯಲ್ಲಿ ಹಾಲಿನವರು ಬಂದುಹೋದ ಮೇಲೆ, ಅಕ್ಕಪಕ್ಕದ ಕುಕ್ಕರ್ ಕೂಗುವ ಮೊದಲು, ಬೆಳಿಗ್ಗೆ ಸುಮಾರು ಒಂದು ಗಂಟೆ ಚಿನ್ನದಂಥ ಹೊತ್ತು.

ಹಂತ 3: ಕಂಪ್ಯೂಟರ್ ಮತ್ತು ಸಾಫ್ಟ್‌ವೇರ್

ಇದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್ ಇದ್ದರೆ ಶುರು ಮಾಡಬಹುದು. ಆ್ಯಪಲ್ ಕಂಪ್ಯೂಟರ್ ಇದ್ದವರಿಗೆ ಗ್ಯಾರೇಜ್‌ಬ್ಯಾಂಡ್ ಉಚಿತ. ವಿಂಡೋಸ್‌ನವರಿಗೆ ನನ್ನ ಸಲಹೆ ರೀಪರ್. 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು, ಹಳೆಯ ಯಂತ್ರದಲ್ಲೂ ಹಗುರವಾಗಿ ಓಡುತ್ತದೆ. ಒಂದೇ ಧ್ವನಿ ರೆಕಾರ್ಡ್ ಮಾಡಿ ಕತ್ತರಿಸಿ ಇಡುವುದಷ್ಟೇ ಕೆಲಸವಾದರೆ ಆಡಾಸಿಟಿ ಸಾಕು, ಅದೂ ಉಚಿತ.

ಯಾವುದೇ ಸಾಫ್ಟ್‌ವೇರ್ ಆಗಲಿ, ದನಿಯನ್ನು ಎಷ್ಟು ಸೂಕ್ಷ್ಮವಾಗಿ ಅಳೆದು ಉಳಿಸಬೇಕು ಅನ್ನುವುದನ್ನು 24 ಬಿಟ್, 48 ಕಿಲೋಹರ್ಟ್ಸ್‌ಗೆ ಹೊಂದಿಸಿ ಬಿಡಿ. ಒಂದು ಟ್ರ್ಯಾಕ್‌ಗೆ, ಅಂದರೆ ಒಂದು ದನಿ ಅಥವಾ ವಾದ್ಯದ ಬೇರೆಯಾದ ರೆಕಾರ್ಡಿಂಗ್‌ಗೆ, ನಿಮಿಷಕ್ಕೆ ಸುಮಾರು 8.6 ಎಂಬಿ ಜಾಗ ಹಿಡಿಯುತ್ತದೆ. 5 ನಿಮಿಷದ ಹಾಡು, 8 ಟ್ರ್ಯಾಕ್ ಅಂದರೂ 350 ಎಂಬಿ ದಾಟುವುದಿಲ್ಲ.

ಹಂತ 4: ಮೈಕ್

ಶುರುವಿನಲ್ಲಿ ನೋಡಬೇಕಾದ್ದು ಎರಡೇ ಜಾತಿ: ಡೈನಮಿಕ್ ಮತ್ತು ಕಂಡೆನ್ಸರ್.

ಡೈನಮಿಕ್ ಮೈಕ್ ಗಟ್ಟಿಮುಟ್ಟು. ಅದಕ್ಕೆ ಬೇರೆ ವಿದ್ಯುತ್ ಬೇಡ. ಬಾಯಿಯ ಹತ್ತಿರ ಇಟ್ಟರೆ ಮಾತ್ರ ಚೆನ್ನಾಗಿ ಕೇಳಿಸಿಕೊಳ್ಳುತ್ತದೆ, ದೂರದ ಸದ್ದು ಅದಕ್ಕೆ ಅಷ್ಟಾಗಿ ತಾಗುವುದಿಲ್ಲ. ರಸ್ತೆ ಪಕ್ಕದ ಮನೆ, ಏನು ಮಾಡಿದರೂ ಪ್ರತಿಧ್ವನಿ ಹೋಗದ ಕೋಣೆ ಇದ್ದವರಿಗೆ ಇದೇ ಒಳ್ಳೆಯದು. ಶೂರ್ ಎಸ್‌ಎಂ58 ಬಂದದ್ದು 1966ರಲ್ಲಿ, ಅದರ ಅಣ್ಣ ಎಸ್‌ಎಂ57 ಬಂದದ್ದು 1965ರಲ್ಲಿ. ಇವತ್ತಿಗೂ ಎರಡೂ ಮಾರಾಟವಾಗುತ್ತಿವೆ. ಹಾಡಿಗೆ 58, ತಬಲಾ, ಮೃದಂಗ, ಗಿಟಾರ್ ಆಂಪ್‌ಗೆ 57 ಅಂತ ಸಾಮಾನ್ಯವಾಗಿ ಬಳಸುತ್ತಾರೆ.

ಕಂಡೆನ್ಸರ್ ಮೈಕ್ ಸೂಕ್ಷ್ಮ. ಉಸಿರು, ಗಮಕದ ನುಣುಪು, ವೀಣೆಯ ತಂತಿಯ ಮೇಲೆ ಉಗುರು ತಾಗುವ ಸದ್ದು ಎಲ್ಲ ಹಿಡಿಯುತ್ತದೆ. ಪಕ್ಕದ ಮನೆಯ ಮಿಕ್ಸಿಯನ್ನೂ ಹಿಡಿಯುತ್ತದೆ. ಇದಕ್ಕೆ ಮೈಕ್ ಕೇಬಲ್ಲಿನಲ್ಲೇ ಹರಿದುಬರುವ 48 ವೋಲ್ಟ್ ವಿದ್ಯುತ್, ಅಂದರೆ ಫ್ಯಾಂಟಮ್ ಪವರ್ ಬೇಕು, ಅದನ್ನು ಮುಂದಿನ ಹಂತದಲ್ಲಿ ಹೇಳುವ ಇಂಟರ್‌ಫೇಸ್ ಕೊಡುತ್ತದೆ. ಆಡಿಯೋ ಟೆಕ್ನಿಕಾ ಎಟಿ2020 ಶುರುವಿನವರಿಗೆ ಒಳ್ಳೆಯ ಆಯ್ಕೆ. ಸ್ವಲ್ಪ ಜಾಸ್ತಿ ಖರ್ಚು ಮಾಡುವವರಿಗೆ ರೋಡ್ ಎನ್‌ಟಿ1-ಎ. ಇವೆರಡರಲ್ಲಿ ಒಂದು ಅಂಕಿ ನೋಡಿ. ಮೈಕ್ ತಾನೇ ಹುಟ್ಟಿಸುವ "ಸ್ಸ್" ಸದ್ದು ಎಟಿ2020ರಲ್ಲಿ 20 ಡೆಸಿಬೆಲ್, ಎನ್‌ಟಿ1-ಎಯಲ್ಲಿ 5 ಡೆಸಿಬೆಲ್. ಎದೆ ತುಂಬಿ ಹಾಡುವವರಿಗೆ ಈ ವ್ಯತ್ಯಾಸ ಗೊತ್ತೇ ಆಗದು. ಜೋಗುಳದ ಹಾಗೆ ಮೆಲ್ಲಗೆ ಹಾಡುವವರಿಗೆ, ತಂಬೂರಿ, ವೀಣೆ ಹಿಡಿಯುವವರಿಗೆ ಗೊತ್ತಾಗುತ್ತದೆ.

ಆರಿಸುವುದು ಹೇಗೆ? ಎರಡನೇ ಹಂತದ ಚಪ್ಪಾಳೆ, ಮೌನದ ರೆಕಾರ್ಡಿಂಗ್ ನೆನಪಿದೆಯಲ್ವಾ? ಅವೆರಡೂ ಚೆನ್ನಾಗಿದ್ದರೆ ಕಂಡೆನ್ಸರ್. ಒಂದರಲ್ಲಿ ತೊಂದರೆ ಕಂಡರೂ ಡೈನಮಿಕ್.

ಮಲೆನಾಡು, ಕರಾವಳಿಯವರಿಗೆ ಒಂದು ಮಾತು. ಮಳೆಗಾಲದ ತೇವ ಕಂಡೆನ್ಸರ್ ಮೈಕ್‌ಗೆ ಆಗುವುದಿಲ್ಲ, ಒಳಗೆ ಪಟಪಟ ಸದ್ದು ಬರತೊಡಗುತ್ತದೆ. ಕೆಲಸ ಮುಗಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ.

ಹಂತ 5: ಆಡಿಯೋ ಇಂಟರ್‌ಫೇಸ್

ಮೈಕ್‌ನಿಂದ ಬರುವ ಸಣ್ಣ ವಿದ್ಯುತ್ತನ್ನು ದೊಡ್ಡದು ಮಾಡಿ, ಅಂಕಿಗಳಾಗಿ ಬದಲಿಸಿ ಕಂಪ್ಯೂಟರ್‌ಗೆ ಕೊಡುವ ಪೆಟ್ಟಿಗೆ ಇದು. ಯುಎಸ್‌ಬಿ ಮೈಕ್‌ನಲ್ಲಿ ಇದೆಲ್ಲ ಒಳಗೇ ಇರುತ್ತದೆ, ಆಗ ಇಂಟರ್‌ಫೇಸ್ ಬೇಡ. ಮಾತು, ಕಥೆ ಓದುವುದು, ಒಂದೇ ಧ್ವನಿ ಅಂದರೆ ಯುಎಸ್‌ಬಿ ಮೈಕ್ ಸಾಕು. ಸಂಗೀತಕ್ಕೆ ನಾನು ಹೇಳುವುದು ಇಂಟರ್‌ಫೇಸೇ. ಇವತ್ತು ಒಂದು ಮೈಕ್, ನಾಳೆ ಇನ್ನೊಂದು, ನಾಡಿದ್ದು ಗಿಟಾರ್ ಅಂತ ಬೆಳೆಯಲು ಅದರಲ್ಲಿ ದಾರಿ ಇದೆ.

ನೋಡಬೇಕಾದ್ದು ಇಷ್ಟು. ಎಕ್ಸ್‌ಎಲ್‌ಆರ್ (ಮೂರು ಕಡ್ಡಿಯ ದುಂಡನೆ ಪ್ಲಗ್) ಮೈಕ್ ಹಾಕುವ ಜಾಗ ಎರಡು ಇದೆಯೇ? "ಎರಡು ಇನ್‌ಪುಟ್" ಅಂತ ಬರೆದಿದ್ದರೂ ಕೆಲವದರಲ್ಲಿ ಮೈಕ್‌ಗೆ ಒಂದೇ ಇರುತ್ತದೆ, ಇನ್ನೊಂದು ಗಿಟಾರ್‌ಗೆ ಮಾತ್ರ. 48 ವೋಲ್ಟ್ ಗುಂಡಿ ಇದೆಯೇ? 24 ಬಿಟ್ ಇದೆಯೇ? ಡೈರೆಕ್ಟ್ ಮಾನಿಟರ್ (ನಿಮ್ಮ ದನಿಯನ್ನು ನೇರ ಕೇಳಿಸುವ ಸೌಲಭ್ಯ) ಇದೆಯೇ?

ಈ ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನೀವು ಹಾಡಿದ್ದು ಕಂಪ್ಯೂಟರ್ ಒಳಗೆ ಹೋಗಿ, ಮತ್ತೆ ನಿಮ್ಮ ಹೆಡ್‌ಫೋನಿಗೆ ಬರಲು ಸ್ವಲ್ಪ ಹೊತ್ತು ಬೇಕು. ಸಾಫ್ಟ್‌ವೇರ್‌ನಲ್ಲಿ ಬಫರ್, ಅಂದರೆ ಒಂದು ಸಲಕ್ಕೆ ಕೂಡಿಟ್ಟು ಕಳಿಸುವ ದನಿಯ ತುಣುಕುಗಳ ಎಣಿಕೆ, 128 ಇದ್ದರೆ ಒಂದು ಕಡೆಗೆ 2.7 ಮಿಲಿಸೆಕೆಂಡ್, ಅದು ಗೊತ್ತಾಗದು. 1024 ಇದ್ದರೆ ಒಂದು ಕಡೆಗೇ 21 ಮಿಲಿಸೆಕೆಂಡ್. ಹೋಗಿಬರುವುದು ಸೇರಿ ಅದರ ಎರಡರಷ್ಟು ದಾಟಿದಾಗ ನಿಮ್ಮದೇ ದನಿ ನಿಮಗೆ ತಡವಾಗಿ ಕೇಳಿ ತಾಳ ಜಾರುತ್ತದೆ. ಡೈರೆಕ್ಟ್ ಮಾನಿಟರ್ ಇದ್ದರೆ ದನಿ ಕಂಪ್ಯೂಟರ್‌ಗೆ ಹೋಗುವ ಮೊದಲೇ ನೇರ ಕಿವಿಗೆ ಬರುತ್ತದೆ. ಈ ತೊಂದರೆಯೇ ಇಲ್ಲ.

ಬೆಹ್ರಿಂಗರ್ ಯುಎಂಸಿ202ಎಚ್‌ಡಿ ಕಡಿಮೆ ಖರ್ಚಿನಲ್ಲಿ ಎರಡು ಮೈಕ್, 24 ಬಿಟ್ ಕೊಡುತ್ತದೆ. ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ಅದಕ್ಕಿಂತ ದುಬಾರಿ. ಅದರ ನಾಲ್ಕನೇ ತಲೆಮಾರು 2023ರಲ್ಲಿ ಬಂತು. ಗೇನ್, ಅಂದರೆ ಮೈಕ್‌ನ ಸದ್ದನ್ನು ದೊಡ್ಡದು ಮಾಡುವ ಶಕ್ತಿ, 69 ಡೆಸಿಬೆಲ್ ತನಕ ಇದೆ. ಶೂರ್ ಎಸ್‌ಎಂ7ಬಿಯಂಥ ಮೆಲುದನಿಯ ಡೈನಮಿಕ್ ಮೈಕ್‌ಗೆ ಸುಮಾರು 60 ಡೆಸಿಬೆಲ್ ಗೇನ್ ಬೇಕು. ಸಣ್ಣ ಇಂಟರ್‌ಫೇಸ್‌ಗಳು ಅಲ್ಲಿ ತಿಣುಕುತ್ತವೆ. ಪಾಡ್‌ಕಾಸ್ಟ್‌ಗಳಲ್ಲಿ ಕಂಡದ್ದಕ್ಕೇ ಆ ಮೈಕನ್ನು ಮೊದಲ ಮೈಕ್ ಅಂತ ಕೊಳ್ಳಬೇಡಿ.

ಹಂತ 6: ಹೆಡ್‌ಫೋನ್

ಕಿವಿಯನ್ನು ಪೂರ್ತಿ ಮುಚ್ಚುವ, ವೈರ್ ಇರುವ ಹೆಡ್‌ಫೋನ್ ಬೇಕು. ಬ್ಲೂಟೂತ್ ಬೇಡ. ಅದರಲ್ಲಿ ಸದ್ದು ತಡವಾಗಿ ಬರುತ್ತದೆ, ಜೊತೆಗೆ ಹಾಡಲು ಆಗುವುದೇ ಇಲ್ಲ. ತೆರೆದ ಬೆನ್ನಿನ ಹೆಡ್‌ಫೋನ್ ಕೇಳಲು ಸೊಗಸು, ಆದರೆ ಅದರಿಂದ ಸೋರಿದ ತಂಬೂರಿ ಶ್ರುತಿ, ತಾಳದ ಟಿಕ್ ಟಿಕ್ ಮೈಕ್‌ಗೆ ಬೀಳುತ್ತದೆ. ಸೋನಿ ಎಂಡಿಆರ್-7506, ಆಡಿಯೋ ಟೆಕ್ನಿಕಾ ಎಂ40ಎಕ್ಸ್ ಎರಡೂ ನಂಬಬಹುದಾದವು. ಬೇಯರ್‌ಡೈನಮಿಕ್ ಡಿಟಿ 770 ಕೊಳ್ಳುವವರು 250 ಓಮ್‌ನದ್ದು ಬಿಟ್ಟು 80 ಓಮ್‌ನದ್ದು ತೆಗೆದುಕೊಳ್ಳಿ. ಸಣ್ಣ ಇಂಟರ್‌ಫೇಸ್ 250ನ್ನು ಸಾಕಷ್ಟು ಜೋರಾಗಿ ನುಡಿಸಲಾರದು.

ಸ್ಪೀಕರ್ ಈಗಲೇ ಬೇಡ. ಸಣ್ಣ ಕೋಣೆಯಲ್ಲಿ ಒಳ್ಳೆಯ ಸ್ಪೀಕರ್ ಕೂಡ ಸುಳ್ಳು ಹೇಳುತ್ತದೆ. ಆ ದುಡ್ಡನ್ನು ಹೆಡ್‌ಫೋನ್‌ಗೆ ಹಾಕಿ.

ಹಂತ 7: ಸಣ್ಣಪುಟ್ಟ ವಸ್ತುಗಳು

ಸ್ಟ್ಯಾಂಡ್ ಗಟ್ಟಿಯಾಗಿರಲಿ. ತೆಳು ಸ್ಟ್ಯಾಂಡ್ ಭಾರದ ಮೈಕ್ ಹೊತ್ತು ಮೆಲ್ಲಗೆ ತಲೆ ಬಗ್ಗಿಸುತ್ತದೆ, ನಡು ಹಾಡಿನಲ್ಲಿ ಮೈಕ್ ಗಂಟಲಿನಿಂದ ಎದೆಗೆ ಇಳಿದಿರುತ್ತದೆ. ಕೆಳಗೆ ಕೂತು ಹಾಡುವವರು ಗಿಡ್ಡ ಸ್ಟ್ಯಾಂಡ್ ಕೇಳಿ ತೆಗೆದುಕೊಳ್ಳಿ. ಪ, ಬ, ಭ ಅನ್ನುವಾಗ ಬಾಯಿಂದ ಹೊಮ್ಮುವ ಗಾಳಿಗೆ ಪಾಪ್ ಫಿಲ್ಟರ್ (ಮೈಕ್ ಮುಂದೆ ಇಡುವ ಜಾಲರಿ) ಬೇಕೇ ಬೇಕು. "ಭಾಗ್ಯದ" ಅಂತ ಒಂದು ಸಲ ಹಾಡಿ ನೋಡಿದರೆ ಗೊತ್ತಾಗುತ್ತದೆ. ಕೇಬಲ್ 3ರಿಂದ 5 ಮೀಟರ್ ಉದ್ದದ ಎಕ್ಸ್‌ಎಲ್‌ಆರ್ ಸಾಕು.

ಹಂತ 8: ಕೊಳ್ಳುವಾಗ

ಲ್ಯಾಪ್‌ಟಾಪ್ ಮೊದಲೇ ಇದ್ದರೆ ಮೈಕ್, ಇಂಟರ್‌ಫೇಸ್, ಹೆಡ್‌ಫೋನ್, ಸ್ಟ್ಯಾಂಡ್, ಕೇಬಲ್, ಫಿಲ್ಟರ್ ಎಲ್ಲ ಸೇರಿ ಸುಮಾರು 25ರಿಂದ 35 ಸಾವಿರ ರೂಪಾಯಿಯಲ್ಲಿ ಒಳ್ಳೆಯ ಸೆಟ್ ಆಗುತ್ತದೆ. ಅಷ್ಟು ಇಲ್ಲದವರು ಹೆಡ್‌ಫೋನ್ ಮೊದಲು ಕೊಳ್ಳಿ, ಫೋನಿನಲ್ಲೇ ರೆಕಾರ್ಡ್ ಮಾಡುತ್ತಾ ಕೋಣೆಯನ್ನು ಪಳಗಿಸಿ. ಆ ಕಲಿಕೆ ವ್ಯರ್ಥ ಆಗುವುದಿಲ್ಲ.

ಎಸ್‌ಎಂ58, 57ರ ನಕಲಿಗಳು ಬಹಳ. ಬೆಲೆ ಅರ್ಧಕ್ಕರ್ಧ ಇದ್ದರೆ ಅನುಮಾನ ಪಡಿ, ಬಿಲ್ಲು, ವಾರಂಟಿ ಕೇಳಿ. ಸೆಕೆಂಡ್ ಹ್ಯಾಂಡ್ ಕೊಳ್ಳುವುದು ತಪ್ಪಲ್ಲ. ಡೈನಮಿಕ್ ಮೈಕ್ ಹಳೆಯದಾದರೂ ನಡೆಯುತ್ತದೆ. ಇಂಟರ್‌ಫೇಸ್ ಆದರೆ ನಿಮ್ಮ ಲ್ಯಾಪ್‌ಟಾಪನ್ನೇ ಒಯ್ದು, ಎರಡೂ ಇನ್‌ಪುಟ್ ಹಾಕಿ, ಗುಂಡಿಗಳನ್ನು ತಿರುಗಿಸಿ ಕೇಳಿ. ತಿರುಗಿಸುವಾಗ ಕರಕರ ಅಂದರೆ ಬೇಡ.

ಹಂತ 9: ಮೊದಲ ದಿನ

ಮೈಕ್ ಸಿಕ್ಕಿಸಿ, ಆಮೇಲೆ 48 ವೋಲ್ಟ್ ಗುಂಡಿ ಒತ್ತಿ. ಹೆಡ್‌ಫೋನ್ ದನಿ ಆಗ ತಗ್ಗಿಸಿರಬೇಕು, ಇಲ್ಲದಿದ್ದರೆ "ಠಪ್" ಅಂತ ಕಿವಿಗೆ ಬಡಿಯುತ್ತದೆ. ಬಾಯಿಂದ ಮೈಕ್‌ಗೆ ಒಂದು ಗೇಣು. ಅದಕ್ಕಿಂತ ಹತ್ತಿರ ಹೋದಷ್ಟೂ ದನಿ ದಪ್ಪಗಾಗುತ್ತದೆ, ದೂರ ಹೋದಷ್ಟೂ ಕೋಣೆ ಒಳಗೆ ಬರುತ್ತದೆ. ವೀಣೆಗೆ, ಕೊಳಲಿಗೆ ಒಂದು ಮೊಳ. ಕೊಳಲಿನಲ್ಲಿ ಊದುವ ರಂಧ್ರಕ್ಕೆ ನೇರ ಹಿಡಿಯದೆ ಸ್ವಲ್ಪ ಮೇಲಿನಿಂದ ಹಿಡಿಯಿರಿ, ಗಾಳಿಯ ಸದ್ದು ಕಡಿಮೆಯಾಗುತ್ತದೆ. ತಬಲಾಕ್ಕೆ ಒಂದೇ ಮೈಕ್ ಇದ್ದರೆ ಎರಡರ ನಡುವೆ, ಮೇಲಿನಿಂದ, ಒಂದು ಮೊಳಕ್ಕಿಂತ ಸ್ವಲ್ಪ ಜಾಸ್ತಿ.

ಗೇನ್ ಇಡುವಾಗ ಹಾಡಿನ ಅತಿ ಎತ್ತರದ ಸಾಲನ್ನೇ ಹಾಡಿಸಿ. ಸಾಫ್ಟ್‌ವೇರ್‌ನಲ್ಲಿ ದನಿಯ ಮಟ್ಟ ತೋರಿಸುವ ಮೀಟರ್ -10 ಡೆಸಿಬೆಲ್‌ನ ಆಸುಪಾಸಿಗೆ ನಿಲ್ಲಲಿ. ನಿಜವಾಗಿ ಹಾಡುವಾಗ ಎಲ್ಲರೂ ಇನ್ನೂ ಜೋರಾಗುತ್ತಾರೆ, ಆ ಜಾಗ ಬಿಟ್ಟಿರಬೇಕು. ಸೊನ್ನೆ ಮುಟ್ಟಿ ಒಡೆದ ದನಿಯನ್ನು ಆಮೇಲೆ ಸರಿಮಾಡುವುದು ಬಹಳ ಕಷ್ಟ.

"ಗುಂ" ಅಂತ ಒಂದೇ ಸಮನೆ ಕೇಳಿಸುತ್ತಿದ್ದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಸದ್ದು ಹೋದರೆ ಅರ್ಥಿಂಗ್ ತೊಂದರೆ. ಎಲೆಕ್ಟ್ರಿಷಿಯನ್ ಬರುವ ತನಕ ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿ.

ದೊಡ್ಡಮ್ಮನ ಎರಡನೇ ರೆಕಾರ್ಡಿಂಗ್‌ನಲ್ಲೂ ಒಂದು ಸದ್ದು ಉಳಿದಿತ್ತು. ತಾಳ ಹಾಕುವಾಗ ಗಾಜಿನ ಬಳೆಗಳ ಕಿಣಿಕಿಣಿ. ಬಳೆ ತೆಗೆಯಿರಿ ಅನ್ನಲು ನನಗೆ ಬಾಯಿ ಬರಲಿಲ್ಲ, ಅವರೂ ತೆಗೆಯುವವರಲ್ಲ. ಮೆತ್ತನೆಯ ಕರವಸ್ತ್ರವನ್ನು ಬಳೆಗಳ ಸುತ್ತ ಕಟ್ಟಿದೆವು, ಕೈ ಕೆಳಗೆ ತೊಡೆಯ ಮೇಲೆ ಒಂದು ದಿಂಬು. ಸದ್ದು ನಿಂತಿತು. ಹೆಡ್‌ಫೋನ್ ಹಾಕಿಕೊಂಡರೆ ತಲೆ ಭಾರ ಅಂದರು. ಒಂದು ಕಿವಿಗೆ ಮಾತ್ರ ಇಟ್ಟು, ಇನ್ನೊಂದನ್ನು ಹಿಂದಕ್ಕೆ ಸರಿಸಿದೆವು. ಮನೆಯ ಹಿರಿಯರನ್ನು ರೆಕಾರ್ಡ್ ಮಾಡುವಾಗ ಇಷ್ಟು ಸಮಯ ಕೊಡಬೇಕು. ಅವರಿಗೆ ನಿರಾಳವಾದ ಮೇಲಷ್ಟೇ ಪದ ತಾನಾಗಿ ಬರುವುದು.

ಕೆಲಸ ಮುಗಿದ ಕೂಡಲೇ ಫೈಲ್‌ಗೆ ಹೆಸರು ಕೊಡಿ: ಹಾಡಿದವರು, ಹಾಡಿನ ಮೊದಲ ಸಾಲು, ದಿನಾಂಕ. ಅವತ್ತೇ ಎರಡು ಕಡೆ ನಕಲು ಇಡಿ, ಒಂದು ಹೊರಗಿನ ಡ್ರೈವ್‌ನಲ್ಲಿ, ಇನ್ನೊಂದು ಕ್ಲೌಡ್‌ನಲ್ಲಿ.

ಇನ್ನೊಂದು ಮಾತು. ಹಾಡು ಮುಗಿದ ತಕ್ಷಣ ಸ್ಟಾಪ್ ಒತ್ತಬೇಡಿ, ಅರ್ಧ ನಿಮಿಷ ಬಿಡಿ. ಆಮೇಲೆ ಗದ್ದಲ ತೆಗೆಯಲು ಕೋಣೆಯ ಆ ಮೌನ ಬೇಕಾಗುತ್ತದೆ. ನಾನು ಹಾಗೆ ಬಿಟ್ಟಿದ್ದಕ್ಕೇ ಮೂರನೇ ಪದದ ಕೊನೆಯಲ್ಲಿ ದೊಡ್ಡಮ್ಮನ ಒಂದು ಮಾತು ಉಳಿಯಿತು: "ಇದು ನಮ್ಮವ್ವ ಭತ್ತ ಕುಟ್ಟುತ್ತಾ ಹೇಳಿಕೊಟ್ಟ ಪದ."